ದಿಂಬಂ ಘಾಟಿಗೆ ಹನೂರು ದಾರಿ ಬದಲಿಯಾಗುತ್ತದೆಯೇ? ಫಾರ್ವರ್ಡ್ ನಕ್ಷೆ ಹೇಳದ ಸಂಗತಿಗಳು

‘ರಾತ್ರಿ ದಿಂಬಂ ಘಾಟಿ ಬಂದ್. ಚಿಂತೆ ಬೇಡ, ಕೊಳ್ಳೇಗಾಲದಿಂದ ಹನೂರು ಮೇಲೆ ಹೋಗಿ. ಕಾಡಿಲ್ಲ, ಕಾಟವಿಲ್ಲ. ಇದನ್ನೇ ಹೆದ್ದಾರಿ ಮಾಡಿದರೆ ಸಮಸ್ಯೆಯೇ ಮುಗಿಯಿತು. ಎಲ್ಲ ಗುಂಪುಗಳಿಗೂ ಕಳಿಸಿ.’

ಈ ಧಾಟಿಯ ಸಂದೇಶ, ಜೊತೆಗೆ ಕೆಂಪು ಗೆರೆ ಎಳೆದ ಗೂಗಲ್ ನಕ್ಷೆಯ ಚಿತ್ರ, ಚಾಮರಾಜನಗರ ಜಿಲ್ಲೆಯವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನೀವೂ ನೋಡಿರಬಹುದು. ಕಳಿಸಿದವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಇದನ್ನು ನಂಬಿ ರಾತ್ರಿ ಗಾಡಿ ತಿರುಗಿಸಿದರೆ ತೊಂದರೆಗೆ ಸಿಕ್ಕಿಕೊಳ್ಳಬಹುದು. ‘ಇದನ್ನೇ ಹೆದ್ದಾರಿ ಮಾಡಿ’ ಎಂಬ ಬೇಡಿಕೆಯನ್ನೂ ಪರೀಕ್ಷಿಸದೆ ಒಪ್ಪುವಂತಿಲ್ಲ.

ಚುಟುಕು ಉತ್ತರ: ದಾರಿ ಇರುವುದು ನಿಜ. ಕಾಡಿಲ್ಲ ಎಂಬುದು ಸುಳ್ಳು. ಎಲ್ಲರಿಗೂ ಬದಲಿ ಎಂಬುದು ಅರ್ಧ ಸತ್ಯ. ಅದು ಯಾರಿಗೆ ಬದಲಿ, ಯಾರಿಗೆ ಅಲ್ಲ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮೊದಲು, ಬಂದ್ ಆಗಿರುವುದು ಏನು?

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿ, ಚಾಮರಾಜನಗರದ ಮೂಲಕ ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ 948. ಹಳೆಯ ಸಂಖ್ಯೆ 209. ಈಗಲೂ ಲಾರಿಯವರ ಬಾಯಲ್ಲಿ ‘ಟೂ ನಾಟ್ ನೈನ್’ ಎಂದೇ ಇದೆ. ಚಾಮರಾಜನಗರದಿಂದ ಮುಂದೆ ಪುಣಜನೂರು ದಾಟಿದರೆ ತಮಿಳುನಾಡು. ಕಾರಪಳ್ಳಂ ಚೆಕ್‌ಪೋಸ್ಟ್, ಹಾಸನೂರು, ಆಮೇಲೆ ದಿಂಬಂ. ಅಲ್ಲಿಂದ 27 ಹೇರ್‌ಪಿನ್ ತಿರುವು ಇಳಿದರೆ ಬಣ್ಣಾರಿ. ಇದಿಷ್ಟೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2013ರಲ್ಲಿ ಹುಲಿ ಯೋಜನೆಗೆ ಸೇರಿದ, 1,400 ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರದ ಕಾಡು.

ಇಲ್ಲಿ ರಾತ್ರಿ ಸಂಚಾರ ನಿಲ್ಲಿಸಲು ಈರೋಡ್ ಜಿಲ್ಲಾಧಿಕಾರಿ 2019ರ ಜನವರಿಯಲ್ಲೇ ಅಧಿಸೂಚನೆ ಹೊರಡಿಸಿದ್ದರು. ಅದು ಕಾಗದದಲ್ಲೇ ಉಳಿದಿತ್ತು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರುವರಿ 10ರಿಂದ ಜಾರಿಗೆ ಬಂತು. ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ ಭಾರಿ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಲಘು ವಾಹನಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ತಾಳವಾಡಿ ಭಾಗದ ಜನ ಬೀದಿಗಿಳಿದ ಮೇಲೆ ಸ್ಥಳೀಯರಿಗೂ ತುರ್ತು ವಾಹನಗಳಿಗೂ ಕೆಲವು ಸಡಿಲಿಕೆ ಸಿಕ್ಕಿತು. ಜೊತೆಗೆ 16.2 ಟನ್‌ಗಿಂತ ಹೆಚ್ಚು ಭಾರದ ಲಾರಿಗಳಿಗೆ ಘಾಟಿಯಲ್ಲಿ ಹಗಲಿನಲ್ಲೂ ತಡೆ ಬಂತು. ಇಂಥ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹಳೆಯ ಫಾರ್ವರ್ಡ್ ನೋಡಿ ಹೊರಡಬೇಡಿ, ಚೆಕ್‌ಪೋಸ್ಟಿನಲ್ಲೋ ಪೊಲೀಸ್ ಠಾಣೆಯಲ್ಲೋ ಕೇಳಿಕೊಳ್ಳಿ.

ಇತ್ತ ಗುಂಡ್ಲುಪೇಟೆ ಕಡೆಯ ಬಾಗಿಲು 2009ರಿಂದಲೇ ರಾತ್ರಿ ಮುಚ್ಚುತ್ತಿದೆ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿ 766, ಊಟಿಗೆ ಹೋಗುವ ರಸ್ತೆ, ಎರಡರಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. (ಕೋಯಿಕ್ಕೋಡ್‌ನಿಂದ ಬರುವ 766 ಕೊನೆಗೊಳ್ಳುವುದೂ ಕೊಳ್ಳೇಗಾಲದಲ್ಲೇ.) ಅಂದರೆ ಕತ್ತಲಾದ ಮೇಲೆ ಜಿಲ್ಲೆಯಿಂದ ದಕ್ಷಿಣಕ್ಕೆ ಹೋಗುವ ಮೂರು ದಾರಿಯೂ ಮುಚ್ಚುತ್ತವೆ. ಎಲ್ಲರ ಕಣ್ಣು ಹನೂರಿನ ಮೇಲೆ ಬಿದ್ದದ್ದು ಹೀಗೆ.

ಹನೂರಿನಿಂದ ಎಲ್ಲಿಗೆ ದಾರಿ?

ಎರಡಿವೆ. ಒಂದು ಕೌದಳ್ಳಿ, ತಾಳಬೆಟ್ಟ ಮೂಲಕ ಮಲೆ ಮಹದೇಶ್ವರ ಬೆಟ್ಟ ಹತ್ತಿ, ಪಾಲಾರ್ ಕಡೆ ಇಳಿದು ಮೆಟ್ಟೂರಿಗೆ ಹೋಗುವುದು. ಸೇಲಂ ಕಡೆಯವರಿಗೆ ಇದು ಸರಿ. ಇನ್ನೊಂದು ರಾಮಾಪುರ, ನಾಲ್‌ರೋಡ್, ಗರಿಕೆಕಂಡಿ ಗಡಿ, ಬರಗೂರು ಬೆಟ್ಟ ಇಳಿದು ಅಂದಿಯೂರು. ಅಲ್ಲಿಂದ ಬಲಕ್ಕೆ ಗೋಬಿ, ಸತ್ಯಮಂಗಲ. ನೇರಕ್ಕೆ ಭವಾನಿ, ಈರೋಡ್. ಫಾರ್ವರ್ಡ್ ಆಗುವ ಕೆಂಪು ಗೆರೆ ಸಾಮಾನ್ಯವಾಗಿ ಈ ಎರಡನೆಯದು.

ಮೂರನೆಯ ಗೆರೆಯೂ ಒಂದಿದೆ, ಅದು ನಿಜಕ್ಕೂ ಮೋಸದ ಗೆರೆ. ಕೊಳ್ಳೇಗಾಲ ಅಥವಾ ಹನೂರು ಕಡೆಯಿಂದ ಒಡೆಯರಪಾಳ್ಯ, ಬೈಲೂರು, ಗೇರ್‌ಮಾಳಂ ಮೂಲಕ ಹಾಸನೂರಿಗೆ ಹೋಗುವ ಕಾಡುರಸ್ತೆ. ನಕ್ಷೆಯಲ್ಲಿ ಬಹಳ ಚೆಂದ ಕಾಣುತ್ತದೆ. ಚಾಮರಾಜನಗರವನ್ನು ಸುತ್ತುವುದೇ ಬೇಡ ಅನ್ನಿಸುತ್ತದೆ. ಆದರೆ ಅದು ಹೋಗಿ ಸೇರುವುದು ಹಾಸನೂರಿಗೆ, ಅಂದರೆ ಘಾಟಿಯ ಮೇಲ್ತುದಿಗೆ. ನಿಷೇಧವಿರುವ ಬಣ್ಣಾರಿ–ಕಾರಪಳ್ಳಂ ಭಾಗದ ನಟ್ಟನಡುವೆ. 27 ತಿರುವುಗಳಲ್ಲಿ ಒಂದೂ ತಪ್ಪುವುದಿಲ್ಲ. ಮೇಲಾಗಿ ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಮಹದೇಶ್ವರ ಬೆಟ್ಟದ ಕಾಡಿಗೆ ಆನೆಗಳು ದಾಟುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಇರುವುದು ಇದೇ ಸೀಮೆಯಲ್ಲಿ. ಆ ಕಿರಿದಾದ ಜಾಗ ಉಳಿಯಲಿ ಎಂದು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಸುಮಾರು 25 ಎಕರೆ ಖಾಸಗಿ ಜಮೀನನ್ನು ದುಡ್ಡು ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತ್ತು. ಅಂಥ ಕಡೆ ಹೆದ್ದಾರಿ ಬರುವ ಮಾತೇ ಇಲ್ಲ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿ ಕೆ. ಗುಡಿ ಮೂಲಕ ಹೋದರೆ ಹೇಗೆ ಎಂದೂ ಕೆಲವರು ಕೇಳುತ್ತಾರೆ. ಆ ರಸ್ತೆ ತಮಿಳುನಾಡಿಗೆ ಇಳಿಯುವುದೇ ಇಲ್ಲ, ಸುತ್ತಿ ಮತ್ತೆ ಚಾಮರಾಜನಗರದ ಕಡೆಗೇ ಬರುತ್ತದೆ.

ಲೆಕ್ಕ ಹಾಕೋಣ

ಬದಲಿ ರಸ್ತೆ ಕಾರ್ಯಸಾಧ್ಯವೇ ಎಂದು ಎಂಜಿನಿಯರುಗಳು ನೋಡುವಾಗ ಮೊದಲು ಕೇಳುವುದು ‘ರಸ್ತೆ ಎಷ್ಟು ಅಗಲ’ ಎಂದಲ್ಲ. ‘ಈ ಗಾಡಿ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತಿದೆ’ ಎಂದು. ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿ, ಹೊರಟ ಊರು, ಸೇರುವ ಊರು, ಸರಕು ಏನು ಎಂದು ಬರೆದುಕೊಳ್ಳುವವರನ್ನು ನೀವು ಕಂಡಿರಬಹುದು. ಅದೇ ಸಮೀಕ್ಷೆ. ಇದಿಲ್ಲದೆ ಬದಲಿ ದಾರಿಯ ಚರ್ಚೆಗೆ ಅರ್ಥವಿಲ್ಲ. ನಮ್ಮ ಕೈಲಿರುವ ಸುಮಾರು ದೂರಗಳನ್ನೇ ಇಟ್ಟುಕೊಂಡು ನೋಡೋಣ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ದಿಂಬಂ ಮೂಲಕ ಸುಮಾರು 75 ಕಿ.ಮೀ. ಹನೂರು ದಾರಿ ಹಿಡಿದರೆ? ಮೊದಲು ಉಲ್ಟಾ ದಿಕ್ಕಿನಲ್ಲಿ ಸಂತೇಮರಹಳ್ಳಿ, ಯಳಂದೂರು ದಾಟಿ ಕೊಳ್ಳೇಗಾಲಕ್ಕೆ 40. ಅಲ್ಲಿಂದ ಹನೂರಿಗೆ 25. ಹನೂರಿನಿಂದ ಬರಗೂರು ಮೇಲೆ ಅಂದಿಯೂರಿಗೆ 85ರ ಆಸುಪಾಸು. ಅಂದಿಯೂರಿನಿಂದ ಸತ್ಯಮಂಗಲಕ್ಕೆ 50. ಒಟ್ಟು 200. ಎರಡೂವರೆ ಪಟ್ಟು ದೂರ. ಟೊಮೆಟೊ ಹೊತ್ತ ಪಿಕಪ್ ಗಾಡಿಗೆ ಇದು ಬದಲಿ ದಾರಿ ಅಲ್ಲ. ಗಡಿಯಲ್ಲಿ ಬೆಳಿಗ್ಗೆ 6ರವರೆಗೆ ಕಾದು ನಿಲ್ಲುವುದೇ ಅದಕ್ಕೆ ಅಗ್ಗ.

ಕೊಳ್ಳೇಗಾಲದಿಂದಲೇ ಹೊರಟವರಿಗೆ ಲೆಕ್ಕ ಬೇರೆ. ಸತ್ಯಮಂಗಲಕ್ಕೆ ದಿಂಬಂ ಮೇಲೆ ಸುಮಾರು 115, ಹನೂರು ಮೇಲೆ 160. ದೂರ, ಆದರೂ ತಡೆದುಕೊಳ್ಳಬಹುದು. ಈರೋಡಿಗೆ ಹೋಗುವುದಾದರೆ ತಕ್ಕಡಿ ಆ ಕಡೆಗೇ ವಾಲುತ್ತದೆ: ದಿಂಬಂ ಮೇಲೆ 180, ಹನೂರು–ಅಂದಿಯೂರು–ಭವಾನಿ ಮೇಲೆ 145. ಭವಾನಿ, ಈರೋಡ್ ಕಡೆಗೆ ಹೋಗುವ ಕೊಳ್ಳೇಗಾಲದವರಿಗೆ ಇದು ಬದಲಿ ದಾರಿಯಲ್ಲ, ಸಹಜ ದಾರಿ.

ಇನ್ನು ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ದೊಡ್ಡ ಲಾರಿಗಳು. ಇವುಗಳಿಗೆ ಹನೂರೂ ಬೇಡ, ದಿಂಬಮೂ ಬೇಡ. ಹೊಸೂರು, ಕೃಷ್ಣಗಿರಿ, ಸೇಲಂ ಮೂಲಕ ಪೂರ್ತಿ ಚತುಷ್ಪಥ ರಸ್ತೆ ಈಗಾಗಲೇ ಇದೆ, ಸುಮಾರು 360 ಕಿ.ಮೀ. ದೂರ ಸ್ವಲ್ಪ ಹೆಚ್ಚು, ಟೋಲ್ ಕಟ್ಟಬೇಕು, ಆದರೆ 27 ತಿರುವಿನಲ್ಲಿ ಕ್ಲಚ್ ಸುಡುವುದಿಲ್ಲ. ಹದಿನಾಲ್ಕು ಚಕ್ರದ ಲಾರಿ ದಿಂಬಂ ತಿರುವಿನಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ರಸ್ತೆ ಕಟ್ಟಿಕೊಂಡ ಸುದ್ದಿಗಳ ಹಿಂದೆ ಬಹುಪಾಲು ಇರುವುದು ಟೋಲ್ ಉಳಿಸುವ ಲೆಕ್ಕವೇ ಎಂಬುದು ನನ್ನ ಅನಿಸಿಕೆ.

ಹೀಗೆ ಒಂದೇ ‘ಬದಲಿ ದಾರಿ’ ಮೂರು ಜನರಿಗೆ ಮೂರು ಥರ. ಇದ್ಯಾವುದೂ ಅನ್ವಯಿಸದ ನಾಲ್ಕನೆಯವರು ತಾಳವಾಡಿಯವರು. ತಮಿಳುನಾಡಿನಲ್ಲಿದ್ದರೂ ಮನೆಮಾತು ಹೆಚ್ಚಾಗಿ ಕನ್ನಡ, ವ್ಯವಹಾರಕ್ಕೆ ಚಾಮರಾಜನಗರ ಹತ್ತಿರ, ಆದರೆ ಜಿಲ್ಲಾ ಕಚೇರಿ, ಕೋರ್ಟು, ದೊಡ್ಡ ಸರ್ಕಾರಿ ಆಸ್ಪತ್ರೆ ಎಲ್ಲ ಘಾಟಿಯ ಕೆಳಗೆ. ಅವರು ಇರುವುದೇ ಘಾಟಿಯ ಮೇಲೆ. ಹನೂರಿನಲ್ಲಿ ಎಂಟು ಪಥದ ರಸ್ತೆ ಮಾಡಿದರೂ ಅವರ ರಾತ್ರಿ ಬದಲಾಗುವುದಿಲ್ಲ. ಅವರಿಗೆ ಬೇಕಾದದ್ದು ಪಾಸು, ಆಂಬುಲೆನ್ಸು, ತಾಳವಾಡಿಯಲ್ಲೇ ಒಳ್ಳೆಯ ಆಸ್ಪತ್ರೆ. ‘ಬೈಪಾಸ್ ಬಂದರೆ ಎಲ್ಲ ಸರಿ’ ಎನ್ನುವ ಫಾರ್ವರ್ಡು ಅತಿ ಹೆಚ್ಚು ಕಷ್ಟಪಡುವವರನ್ನೇ ಮರೆತಿರುತ್ತದೆ.

‘ಆ ಕಡೆ ಕಾಡಿಲ್ಲ’ — ನಿಜವೇ?

ಇಲ್ಲ. ಮಲೆ ಮಹದೇಶ್ವರ ವನ್ಯಧಾಮ 2013ರಲ್ಲಿ ಘೋಷಣೆಯಾಯಿತು, ವಿಸ್ತಾರ 906 ಚದರ ಕಿ.ಮೀ. ಹನೂರು ದಾಟಿದ ಮೇಲೆ ಯಾವ ದಾರಿ ಹಿಡಿದರೂ ಈ ಕಾಡಿನ ಸಹವಾಸ ತಪ್ಪದು. ಗಡಿಯಾಚೆ ಬರಗೂರು ಬೆಟ್ಟದ ಕಾಡನ್ನು ತಮಿಳುನಾಡು ಸರ್ಕಾರ 2024ರ ಜನವರಿಯಲ್ಲಿ ತಂದೈ ಪೆರಿಯಾರ್ ವನ್ಯಧಾಮ ಎಂದು ಘೋಷಿಸಿತು, ಅದು ಸುಮಾರು 805 ಚದರ ಕಿ.ಮೀ. ಹಾಗೆ ಘೋಷಿಸಲು ಒಂದು ಕಾರಣ ಗಮನಿಸಿ: ಸತ್ಯಮಂಗಲದ ಕಾಡನ್ನೂ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಧಾಮಗಳನ್ನೂ ಬೆಸೆಯುವ ಕೊಂಡಿ ಅದು. ಅಂದರೆ ದಿಂಬಂನಿಂದ ಸರಿಸಿದ ಲಾರಿಗಳು ಒಂದು ಕಾಡು ಬಿಟ್ಟು ಎರಡು ಕಾಡು ದಾಟುತ್ತವೆ. ಆನೆಗೆ ರಾಜ್ಯದ ಗಡಿಯೂ ಗೊತ್ತಿಲ್ಲ, ಅಧಿಸೂಚನೆಯೂ ಗೊತ್ತಿಲ್ಲ.

ಈ ಕಾಡು ಖಾಲಿಯೂ ಅಲ್ಲ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಹೂಗ್ಯಂ ಇರುವುದು ಇದೇ ಹನೂರು ತಾಲ್ಲೂಕಿನಲ್ಲಿ.

ಕಾನೂನಿನ ಮಾತು ಚುಟುಕಾಗಿ: ವನ್ಯಧಾಮದೊಳಗೆ ರಸ್ತೆ ಅಗಲ ಮಾಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಮುಂದೆ ಹೋಗಬೇಕು, ಅರಣ್ಯ ಭೂಮಿಗೆ ಕೇಂದ್ರದ ಅನುಮತಿ ಬೇರೆ. ಹುಲಿ ಸಂರಕ್ಷಿತ ಪ್ರದೇಶವಾದರೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಸಲಹೆಯೂ ಬೇಕು, ಹುಲಿಗಳು ಓಡಾಡುವ ಕೊಂಡಿ ಪ್ರದೇಶಗಳಿಗೂ ಇದು ಅನ್ವಯಿಸುತ್ತದೆ. ಎರಡು ರಾಜ್ಯ, ಎರಡು ಅರಣ್ಯ ಇಲಾಖೆ. ‘ಸರ್ಕಾರ ಮನಸ್ಸು ಮಾಡಿದರೆ ಆರು ತಿಂಗಳು ಸಾಕು’ ಎನ್ನುವುದು ಮಾತಿಗಷ್ಟೇ.

ಬರಗೂರು ಬೆಟ್ಟದ ತಾಕತ್ತು ಎಷ್ಟು?

ಬರಗೂರು ಎಂದರೆ ದನದ ತಳಿ ನೆನಪಾಗಬೇಕು. ಕಂದು ಮೈಮೇಲೆ ಬಿಳಿ ಮಚ್ಚೆಯ, ಬೆಟ್ಟ ಹತ್ತುವುದರಲ್ಲಿ ಗಟ್ಟಿಗ ಎತ್ತುಗಳು. ರಸ್ತೆಗೆ ಆ ಗಟ್ಟಿತನ ಇಲ್ಲ. ಕಿರಿದಾದ ಘಾಟಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಕ್ಟೋಬರ್, ನವೆಂಬರ್‌ನ ಹಿಂಗಾರು ಜೋರಾದ ವರ್ಷಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದುಂಟು. ಬದಲಿ ದಾರಿಯೇ ಮಳೆಗೆ ಮುಚ್ಚಿದರೆ ಅದಕ್ಕೆ ಬದಲಿ ಯಾವುದು?

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ರಸ್ತೆಗಳ ಅಳತೆಗೋಲು ನಿಗದಿ ಮಾಡುತ್ತದೆ. ಅದರ ಪ್ರಕಾರ ಬಯಲುಸೀಮೆಯ ದ್ವಿಪಥ ರಸ್ತೆ ದಿನಕ್ಕೆ 15,000 ಕಾರುಗಳಷ್ಟು ಸಂಚಾರ ತಡೆಯಬಲ್ಲದು. ತಿರುವು ಹೆಚ್ಚಿರುವ ಬೆಟ್ಟದಲ್ಲಿ ಅದೇ ಅಗಲದ ರಸ್ತೆಗೆ 5,000. ಇಲ್ಲಿ ಲೆಕ್ಕ ಕಾರಿನದು, ಒಂದು ಲಾರಿ ಸುಮಾರು ಮೂರು ಕಾರಿಗೆ ಸಮ. ಹೇರ್‌ಪಿನ್ ತಿರುವಿಗೂ ನಿಯಮವಿದೆ: ಒಳಸುತ್ತಿನ ತ್ರಿಜ್ಯ ಕನಿಷ್ಠ 14 ಮೀಟರ್, ತಿರುವಿನಲ್ಲಿ ಏರು 40 ಮೀಟರಿಗೆ ಒಂದು ಮೀಟರ್ ಮೀರಬಾರದು. ಉದ್ದನೆಯ ಲಾರಿ ಒಂದೇ ಸುತ್ತಿಗೆ ತಿರುಗಬೇಕಾದರೆ ಇಷ್ಟು ಬೇಕು. ಹಳೆಯ ಘಾಟಿ ರಸ್ತೆಯನ್ನು ಈ ಅಳತೆಗೆ ತರುವುದೆಂದರೆ ಪ್ರತಿ ತಿರುವಿನಲ್ಲೂ ಬೆಟ್ಟ ಕೊರೆಯಬೇಕು. ಕೊರೆದ ಬೆಟ್ಟ ಮುಂದಿನ ಮಳೆಗೆ ಇನ್ನಷ್ಟು ಜಾರುತ್ತದೆ. ನಕ್ಷೆಯ ಮೇಲಿನ ಗೆರೆಗೆ ಏರಿಳಿತ ಇರುವುದಿಲ್ಲ ನೋಡಿ, ಅದಕ್ಕೇ ಅದು ಅಷ್ಟು ಸಲೀಸು.

‘ಸುರಂಗ ಕೊರೆಯಲಿ, ಆನೆ ಹೋಗಲು ಮೇಲ್ಸೇತುವೆ ಕಟ್ಟಲಿ’ ಎಂಬ ಸಲಹೆ ತಳ್ಳಿಹಾಕುವಂಥದ್ದಲ್ಲ. ಮಧ್ಯ ಭಾರತದ ಪೆಂಚ್ ಕಾಡಿನಲ್ಲಿ ಹೆದ್ದಾರಿ 44ರ ಅಡಿಯಲ್ಲಿ ಪ್ರಾಣಿಗಳಿಗೆ 9 ದಾರಿ ಬಿಟ್ಟಿದ್ದಾರೆ. 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 18 ಜಾತಿಯ ಕಾಡುಪ್ರಾಣಿಗಳು, ಅವುಗಳಲ್ಲಿ 11 ಹುಲಿಗಳು, ಅವುಗಳನ್ನು ಬಳಸಿದ್ದು ದಾಖಲಾಯಿತು. ಆದರೆ ಪೆಂಚ್ ಬಹುಪಾಲು ಸಮತಟ್ಟು. ರಸ್ತೆಯನ್ನು ಕಂಬದ ಮೇಲೆ ಎತ್ತಿದರಾಯಿತು. ಘಾಟಿಯಲ್ಲಿ ರಸ್ತೆಯೇ ಬೆಟ್ಟದ ಮೈಗೆ ಅಂಟಿಕೊಂಡಿರುತ್ತದೆ.

ಹನೂರಿನವರನ್ನು ಕೇಳಿದ್ದೀರಾ?

ಫಾರ್ವರ್ಡುಗಳಲ್ಲಿ ಬಾರದ ಇನ್ನೊಂದು ಸಂಗತಿ ಇದು. ಕೊಳ್ಳೇಗಾಲ–ಹನೂರು–ಕೌದಳ್ಳಿ ರಸ್ತೆ ಮಾದಪ್ಪನ ಭಕ್ತರ ರಸ್ತೆ. ಪ್ರತಿ ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗೆ ಸಾವಿರಾರು ಜನ ಬೆಟ್ಟಕ್ಕೆ ಹೋಗುತ್ತಾರೆ, ಬಹಳ ಮಂದಿ ಕಾಲ್ನಡಿಗೆಯಲ್ಲಿ. ಬಿಸಿಲಿಗೆ ಹೆದರಿ ನಡೆಯುವುದು ಹೆಚ್ಚಾಗಿ ರಾತ್ರಿ, ಬೆಳಗಿನ ಜಾವ. ದಿಂಬಂ ಮುಚ್ಚಿದ ಹೊತ್ತಿನಲ್ಲಿ ತಿರುಗಿಸಿದ ಲಾರಿಗಳು ಈ ರಸ್ತೆಗೆ ಬರುವುದೂ ಅದೇ ಹೊತ್ತಿನಲ್ಲಿ. ಹನೂರು ಪೇಟೆಯೊಳಗೆ ರಸ್ತೆಯ ಎರಡೂ ಬದಿಗೆ ಅಂಗಡಿ, ಬಸ್ಸು, ಆಟೊ. ಲಾರಿ ಬರಬೇಕಾದರೆ ಹನೂರಿಗೇ ಮೊದಲು ಬೈಪಾಸ್ ಬೇಕು. ರಾಗಿ, ಜೋಳ, ಅರಿಸಿನ ಬೆಳೆಯುವ ಹೊಲ ಕೊಡಬೇಕಾದವರು ಯಾರು?

ಲಾಭವೂ ಇದೆ, ಮುಚ್ಚಿಡುವಂತಿಲ್ಲ. ಮಾರ್ಟಳ್ಳಿ, ರಾಮಾಪುರ, ಹೂಗ್ಯಂ ಭಾಗದ ಜನರಿಗೆ ರಸ್ತೆ ಸರಿಯಾದರೆ ಆಸ್ಪತ್ರೆ, ಕಾಲೇಜು, ಅಂದಿಯೂರಿನ ಸಂತೆ ಹತ್ತಿರವಾಗುತ್ತವೆ. ಆದರೆ ಅದಕ್ಕೆ ಹೆದ್ದಾರಿ ಬೇಕಿಲ್ಲ. ಗುಂಡಿ ಮುಚ್ಚಿ, ತಡೆಗೋಡೆ ಕಟ್ಟಿ, ಮಳೆನೀರು ಹರಿಯಲು ಚರಂಡಿ ಮಾಡಿದರೆ ಸಾಕು. ‘ಒಳ್ಳೆಯ ರಸ್ತೆ’ ಮತ್ತು ‘ಹೆದ್ದಾರಿ’ ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಈ ಚರ್ಚೆ ದಾರಿ ತಪ್ಪಿದೆ.

ಬಂಡೀಪುರದಲ್ಲಿ ಆದದ್ದೇನು?

ಬದಲಿ ದಾರಿ ಕೆಲಸ ಮಾಡಿದ ಉದಾಹರಣೆ ನಮ್ಮ ಜಿಲ್ಲೆಯದ್ದೇ ಇದೆ. 2009ರಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಲ್ಲಿಸಿದರು, 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ಕರ್ನಾಟಕ ಮುಂದಿಟ್ಟದ್ದು ಹುಣಸೂರು–ಗೋಣಿಕೊಪ್ಪ–ಕುಟ್ಟ–ಮಾನಂದವಾಡಿ ರಸ್ತೆಯನ್ನು. ಅದನ್ನು 75 ಕೋಟಿ ರೂಪಾಯಿ ಖರ್ಚು ಮಾಡಿ ಅಭಿವೃದ್ಧಿಪಡಿಸಲಾಗಿತ್ತು. ಕೇರಳದ ತಕರಾರು ಪೂರ್ತಿ ತೀರಲಿಲ್ಲ, ಆದರೂ ರಾತ್ರಿ ಮೈಸೂರಿನಿಂದ ವಯನಾಡಿಗೆ ಹೋಗಲೇಬೇಕಾದವರಿಗೆ ಒಂದು ದಾರಿ ಉಳಿಯಿತು.

ಅದು ನಡೆದದ್ದು ಏಕೆಂದರೆ ಎರಡೂ ದಾರಿಯ ತುದಿಗಳು ಹೆಚ್ಚುಕಡಿಮೆ ಒಂದೇ. ಇತ್ತ ಮೈಸೂರು, ಅತ್ತ ವಯನಾಡು. ಹೆಚ್ಚುವರಿ ದೂರ ಸುಮಾರು 30 ಕಿ.ಮೀ. ಹನೂರಿನ ಲೆಕ್ಕದಲ್ಲಿ ತುದಿಗಳೇ ಬೇರೆ. ಚಾಮರಾಜನಗರದವನಿಗೆ ಹೆಚ್ಚುವರಿ 125 ಕಿ.ಮೀ.

ಮುಂದಿನ ಸಲ ಇಂಥ ನಕ್ಷೆ ಬಂದಾಗ ಗೂಗಲ್ ಮ್ಯಾಪ್‌ನಲ್ಲಿ ಮೂಲೆಯ ‘ಲೇಯರ್’ ಒತ್ತಿ ‘ಟೆರೇನ್’ ಹಾಕಿ ನೋಡಿ, ಬೆಟ್ಟಗಳು ಎದ್ದು ಕಾಣುತ್ತವೆ. ‘ಸ್ಯಾಟಲೈಟ್’ ಹಾಕಿದರೆ ಹಸಿರು ಎಲ್ಲಿಂದ ಎಲ್ಲಿವರೆಗೆ ಎಂದು ತಿಳಿಯುತ್ತದೆ. ಆಮೇಲೆ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಹೋಗಿ. ಅದು ಹಾಸನೂರಿಗೆ ಬಂದು ಸೇರಿದರೆ, ನೀವು ನಿಂತಿರುವುದು ಅದೇ 27 ತಿರುವುಗಳ ಮೊದಲನೆಯದರ ಮೇಲೆ.